ನಾನೂರು ಸಲ ‘ತಿದ್ದಿದೆ’

“ಗುರುಗಳೇ, ಏನು ಬದಲಾಯಿತು ಎಂಬುದು ಕೋಡ್‌ನಲ್ಲೇ ಕಾಣುತ್ತದೆ. ಏಕೆ ಬದಲಾಯಿತು ಎಂದು ಪುಟಗಟ್ಟಲೆ ಬರೆಯಬೇಕೇ?” ಎಂದು ವಾರಿಜಾ ಕೇಳಿದಳು. ಅವಳೂ ಒಬ್ಬ ಗೆಳತಿಯೂ ಸೇರಿ ಒಂದು ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದರು. ಪ್ರತಿ ತಿದ್ದುಪಡಿಗೂ ಗೆಳತಿ ಬರೆಯುವ ಉದ್ದುದ್ದ ಟಿಪ್ಪಣಿಗಳನ್ನು ಓದಿ ಓದಿ ಅವಳಿಗೆ ತಲೆ ಚಿಟ್ಟು ಹಿಡಿದಿತ್ತು.

ಗುರುಗಳು ಕತೆ ಹೇಳಿದರು.

ಇಬ್ಬರು ತಂತ್ರಾಂಶಗಾರರಿದ್ದರು, ಒಬ್ಬ ಹಿರಿಯ, ಒಬ್ಬ ಕಿರಿಯ. ಕಣ್ಣು ಕಾಣದವರಿಗೆ ಕನ್ನಡ ಪುಸ್ತಕಗಳನ್ನು ಓದಿ ಹೇಳುವ ತಂತ್ರಾಂಶ ಅವರದು. ಯಾರು ಏನು ತಿದ್ದಿದರೂ ಹೆಸರು, ದಿನಾಂಕ, ಹಳೆಯ ಸಾಲು ಎಲ್ಲವೂ ಗಿಟ್ ಎಂಬ ದಾಖಲೆ ವ್ಯವಸ್ಥೆಯಲ್ಲಿ ಭದ್ರ. ಹೀಗೆ ದಾಖಲಾಗುವ ಪ್ರತಿ ತಿದ್ದುಪಡಿಗೆ ಕಮಿಟ್ ಎನ್ನುತ್ತಾರೆ; ಅದರ ಜೊತೆಗೆ ತಿದ್ದಿದವನು ಕಾರಣವಾಗಿ ಎರಡು ಮಾತು ಬರೆಯಬೇಕು.

ಹಿರಿಯ ಇಪ್ಪತ್ತು ಸಾಲು ಬರೆಯುತ್ತಿದ್ದ. ಈ ಪದದ ನಂತರ ಧ್ವನಿ ಇಷ್ಟು ಹೊತ್ತು ನಿಲ್ಲಬೇಕು, ಏಕೆಂದರೆ ಕೇಳುತ್ತಿದ್ದ ಅಜ್ಜಿಯೊಬ್ಬರಿಗೆ ಇಲ್ಲಿ ಅರ್ಥ ತಪ್ಪಿತು, ಹೀಗೆ. ಕಿರಿಯನದು ಯಾವಾಗಲೂ ತುದಿಗಾಲ ಮೇಲೆ ನಿಂತ ಅವಸರ. ಒಂದು ದಿನ ಕಚೇರಿಯಲ್ಲಿ ಎಲ್ಲರ ಎದುರೇ, “ಸಾರ್, ಕಮಿಟ್ ಬರೀತಿದ್ದೀರೋ, ಕಾದಂಬರಿ ಬರೀತಿದ್ದೀರೋ? ಓದೋಕೆ ಯಾರಿಗಿದೆ ಪುರುಸೊತ್ತು?” ಎಂದ. ಎಲ್ಲರೂ ನಕ್ಕರು. ಹಿರಿಯನೂ ನಕ್ಕ.

“ಆಯ್ತಪ್ಪ, ಇನ್ಮೇಲೆ ಚಿಕ್ಕದಾಗಿ ಬರೀತೀನಿ.”

ಮರುದಿನದಿಂದ ಅವನು ಬರೆದದ್ದು ಒಂದೇ ಪದ, ‘ತಿದ್ದಿದೆ’. ಮೂರು ವರ್ಷದಲ್ಲಿ ನಾನೂರು ಸಲ ‘ತಿದ್ದಿದೆ’. ಕಿರಿಯನಿಗೆ ಬಲು ಹಾಯೆನಿಸಿತು.

ಹಿರಿಯ ತೀರಿಕೊಂಡ. ಮರುವರ್ಷ ಹಳೆಯ ಧ್ವನಿ ಹೊಸ ಫೋನುಗಳಲ್ಲಿ ಓಡದಾಯಿತು. ಹೊಸ ಧ್ವನಿ ತಂದರು. ಹಳೆಯ ಅಂಕಿಗಳು ಅದಕ್ಕೆ ಹೊಂದಲಿಲ್ಲ, ಎಲ್ಲಿ ಎಷ್ಟು ನಿಲ್ಲಬೇಕೆಂಬುದನ್ನು ಮೊದಲಿನಿಂದ ಗೊತ್ತುಮಾಡಬೇಕಾಯಿತು. ಕಿರಿಯ ಗಿಟ್ ತೆರೆದು ನೋಡಿದ. ಯಾರು ಮಾಡಿದ್ದು? ಹಿರಿಯ. ಯಾವಾಗ? ದಿನಾಂಕವಿದೆ. ಏಕೆ? ತಿದ್ದಿದೆ. ತಿದ್ದಿದೆ. ತಿದ್ದಿದೆ.

ಅವನು ತೋಚಿದಂತೆ ಅಂಕಿ ತುಂಬಿದ. ಧ್ವನಿ ಎಲ್ಲೆಲ್ಲೋ ನಿಂತಿತು, ನಿಲ್ಲಬೇಕಾದಲ್ಲಿ ಓಡಿತು. ಕೇಳುವವರು ಅರ್ಥವಾಗುತ್ತಿಲ್ಲವೆಂದು ಪತ್ರ ಬರೆದರು. ಬರಬರುತ್ತಾ ಪತ್ರಗಳೂ ನಿಂತವು. ಆ ತಂತ್ರಾಂಶವನ್ನು ಈಗ ಯಾರೂ ಬಳಸುವುದಿಲ್ಲ.

ಆಮೇಲೆ ಕಿರಿಯ ಹಿರಿಯನ ಮೊದಲಿನ ಉದ್ದುದ್ದ ಟಿಪ್ಪಣಿಗಳನ್ನು ಕೂತು ಓದಿದ. ಒಂದನ್ನೂ ಬಿಡಲಿಲ್ಲ. ತಾನು ಗೇಲಿ ಮಾಡಿದ ದಿನ ಬಂದಾಗ ಟಿಪ್ಪಣಿಗಳು ಮುಗಿದವು. ಅವನಿಗೆ ಅಳು ತಡೆಯಲಾಗಲಿಲ್ಲ.

ಗುರುಗಳು ಕತೆ ಮುಗಿಸಿದರು. ವಾರಿಜಾ ತಲೆ ತಗ್ಗಿಸಿದಳು.

“ಗುರುಗಳೇ, ನಾನು ನಿನ್ನೆಯೇ ಅವಳಿಗೆ ಹೇಳಿಬಿಟ್ಟೆ, ಚಿಕ್ಕದಾಗಿ ಬರಿ ಅಂತ. ಆದರೆ ಅವಳೇನೂ ಬೇಸರ ಮಾಡಿಕೊಳ್ಳಲಿಲ್ಲ.”

ಗುರುಗಳು ಹೇಳಿದರು, “ಆ ಹಿರಿಯನೂ ಮಾಡಿಕೊಂಡಿರಲಿಲ್ಲ.”