ಸುದ್ದಿ ಬಾರದ ಪೆಟ್ಟಿಗೆ

ಹೊಳೆಯ ದಂಡೆಗೆ ಒಂದು ಮಠ. ಮಠಕ್ಕೊಬ್ಬ ಅಜ್ಜ, ಅಜ್ಜನಿಗೊಬ್ಬ ಶಿಷ್ಯ. ಇಂಥ ಕಥೆಗೆ ಇಷ್ಟು ಸಾಕು. ಆದರೆ ಈ ಮಠದಲ್ಲಿ ಒಂದು ಸರ್ವರ್ ಕೂಡ ಇತ್ತು, ಹಾಗಾಗಿ ಅದನ್ನೂ ಹೇಳಬೇಕು.

ಅಜ್ಜನ ಹೆಸರು ನೀಲಕಂಠಯ್ಯ. ಕಾವಿ ಉಡುವ ಮುಂಚೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. ಯಾರ ಮನೆಯ ಫೋನು ಸತ್ತಿದೆ ಎಂದು ತಂತಿ ಮುಟ್ಟಿ ಹೇಳುತ್ತಿದ್ದರಂತೆ. ಜನ ಹೇಳುವ ಮಾತು, ನಾನಂತೂ ನೋಡಿಲ್ಲ.

ಶಿಷ್ಯನ ಹೆಸರು ಫಕೀರೇಶ. ಕಂಪ್ಯೂಟರ್ ಬಲ್ಲವನು, ಚುರುಕು. ತುಸು ಹೆಚ್ಚೇ ಚುರುಕು ಅನ್ನಿ.

ಆ ಹೊಳೆಗೊಂದು ಕೆಟ್ಟ ಚಾಳಿ. ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಮೇಲೆಲ್ಲೋ ಮಳೆ ಸುರಿದು, ಹೇಳದೆ ಕೇಳದೆ ನೀರು ಬಂದುಬಿಡುತ್ತದೆ. ಅದಕ್ಕೇ ಅಜ್ಜ, ಹೊಳೆಗೆ ಬಂದು ಸೇರುವ ಹಳ್ಳಗಳ ಸೇತುವೆಗಳಿಗೆ ಒಂದೊಂದು ಪೆಟ್ಟಿಗೆ ಕಟ್ಟಿಸಿದ್ದರು. ಪೆಟ್ಟಿಗೆಯೊಳಗೆ ಲಿನಕ್ಸ್ ಓಡುವ ಅಂಗೈಯಗಲದ ಕಂಪ್ಯೂಟರು. ಅದು ನೀರಿನ ಎತ್ತರ ಅಳೆದು ಮಠದ ಸರ್ವರಿಗೆ ಸುದ್ದಿ ಕಳಿಸಬೇಕು.

ಆ ಸುದ್ದಿಯನ್ನೆಲ್ಲ ಒಂದೇ ಪರದೆಯ ಮೇಲೆ ತೋರಿಸುವ ಡ್ಯಾಶ್‌ಬೋರ್ಡ್ ಕಟ್ಟುವ ಕೆಲಸ ಫಕೀರೇಶನ ಪಾಲಿಗೆ ಬಂತು. ಪುಕ್ಕಟೆ ಸಿಗುವ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಓಪನ್ ಸೋರ್ಸ್ ಸಾಧನಗಳನ್ನೇ ಅವನು ಆರಿಸಿಕೊಂಡ. ಪ್ರೊಮಿಥಿಯಸ್ ಎಂಬುದು ಅಳತೆಗಳನ್ನು ಕೂಡಿಸಿಡುತ್ತಿತ್ತು, ಗ್ರಫಾನಾ ಎಂಬುದು ಅವನ್ನು ಬಣ್ಣದಲ್ಲಿ ತೋರಿಸುತ್ತಿತ್ತು. ನೀರು ಹದದಲ್ಲಿದ್ದರೆ ಹಸಿರು, ಏರಿದರೆ ಕೆಂಪು. ಕೆಂಪಾದ ಕೂಡಲೇ ದಂಡೆಯ ಕಂಬದ ಮೇಲಿನ ಸೈರನ್ ಕೂಗಬೇಕು.

ಅಜ್ಜ ಎಲ್ಲವನ್ನೂ ನೋಡಿ ಒಂದೇ ಪ್ರಶ್ನೆ ಕೇಳಿದರು.

"ಪೆಟ್ಟಿಗಿ ಸುಮ್ನಾದ್ರ ಯಾವ ಬಣ್ಣ?"

ಫಕೀರೇಶ ಅದನ್ನು ಯೋಚಿಸಿಯೇ ಇರಲಿಲ್ಲ. ಸುದ್ದಿ ಬರದಿದ್ದರೂ ಕೆಂಪೇ ಆಗಬೇಕು, ಸೈರನ್ ಕೂಗಲೇಬೇಕು ಎಂದರು ಅಜ್ಜ. ಅವನು ಹಾಗೇ ಮಾಡಿದ.

ಶುರುವಾಯಿತು ನೋಡಿ ಪೀಕಲಾಟ. ದೊಡ್ಡ ಹಳ್ಳದ ಸೇತುವೆಯ ಹತ್ತಿರ ಮೊಬೈಲ್ ಸಿಗ್ನಲ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅದು ಹೋದಾಗಲೆಲ್ಲ ಸೈರನ್. ಬಟ್ಟೆ ಒಗೆಯುತ್ತಿದ್ದ ಹೆಂಗಸರು ನೊರೆ ಬಟ್ಟೆ ಹೊತ್ತು ದಂಡೆಗೆ ಓಡುವುದು, ತಿರುಗಿ ನೋಡಿದರೆ ಮೊಣಕಾಲುದ್ದ ನೀರು. ಜನ ಫಕೀರೇಶನನ್ನು ಕಂಡರೆ ಸೈರನ್ನಿನ ಹಾಗೆ ಕೂಗಿ ಅಣಕಿಸತೊಡಗಿದರು. ಅವನಿಗೆ ಅದು ಬಹಳ ಚುಚ್ಚಿತು.

ಅಂಥದರಲ್ಲಿ ಪಟ್ಟಣದಿಂದ ಯಾರೋ ದೊಡ್ಡವರು ಡ್ಯಾಶ್‌ಬೋರ್ಡ್ ನೋಡಲು ಬರುತ್ತಾರೆಂದಾಯಿತು. ಅವತ್ತು ಬೆಳಿಗ್ಗೆಯೇ ದೊಡ್ಡ ಹಳ್ಳದ ಪೆಟ್ಟಿಗೆ ಮತ್ತೆ ಸುಮ್ಮನಾಗಿ ಪರದೆಯ ಮೂಲೆ ಕೆಂಪಾಯಿತು. ಫಕೀರೇಶ ಕೂತು, ಬಣ್ಣ ಬದಲಿಸುವ ನಿಯಮದಲ್ಲಿ ಒಂದು ಸಾಲು ತಿದ್ದಿದ. ಸುದ್ದಿ ಬರದಿದ್ದರೆ ಕೊನೆಗೆ ಬಂದ ಅಳತೆಯೇ ಇರಲಿ, ಅಷ್ಟೇ. ಪರದೆ ತುಂಬ ಹಸಿರಾಯಿತು.

ಬಂದವರು ನೋಡಿ ಹಿಗ್ಗಿದರು, ಶಾಲು ಹೊದಿಸಿದರು, ಫೋಟೊ ತೆಗೆಸಿಕೊಂಡರು. ಅವರು ಹೋದ ಮೇಲೆ ಆ ಸಾಲನ್ನು ಮೊದಲಿನ ಹಾಗೆ ಮಾಡಬೇಕೆಂದು ಅವನಿಗೆ ನೆನಪಿತ್ತು. ಮರೆತಿದ್ದ ಎಂದು ಯಾರೂ ಅವನ ಪರ ವಕೀಲಿ ಮಾಡಬೇಡಿ, ಚೆನ್ನಾಗಿ ನೆನಪಿತ್ತು. ಆದರೆ ಸೈರನ್ ಕೂಗುವುದು ನಿಂತಿತ್ತು, ಅಣಕಿಸುವ ಬಾಯಿಗಳೂ ನಿಂತಿದ್ದವು, ಹಸಿರು ಪರದೆ ಕಣ್ಣಿಗೆ ತಂಪಾಗಿತ್ತು. ನಾಳೆ ಮಾಡಿದರಾಯಿತು ಅಂದುಕೊಂಡ. ಹಾಗೆ ಅಂದುಕೊಳ್ಳುತ್ತಲೇ ಮಳೆಗಾಲ ಬಂತು.

ಹೊಳೆ ದಾಟಿಸುವ ಹರಿಗೋಲು ದ್ಯಾಮಣ್ಣ ಅಂಬಿಗೇರನದು. ಅವನ ಅಪ್ಪ, ಅಪ್ಪನ ಅಪ್ಪ ಎಲ್ಲರೂ ಅದೇ ಕಡವಿನಲ್ಲಿ ಹುಟ್ಟು ಹಾಕಿದವರು. ಡ್ಯಾಶ್‌ಬೋರ್ಡ್ ಬಂದ ಮೇಲೆ ದ್ಯಾಮಣ್ಣ ದಿನಾ ಬೆಳಿಗ್ಗೆ ಮಠದ ಕಿಟಕಿಯ ಹತ್ತಿರ ನಿಂತು, ಹೊಳೆ ಹೇಗಿದೆ ಎಂದು ಕೇಳಿಯೇ ಹರಿಗೋಲನ್ನು ನೀರಿಗೆ ಇಳಿಸುತ್ತಿದ್ದ.

ಅವತ್ತೂ ಕೇಳಿದ. ಫಕೀರೇಶ ಪರದೆಯ ಕಡೆ ಕಣ್ಣು ಹಾಯಿಸಿದ.

"ಎಲ್ಲಾ ಹಸರೈತಿ ದ್ಯಾಮಣ್ಣಾ. ಹೋಗ್ರಿ."

ದ್ಯಾಮಣ್ಣ ಹೋದ. ಹರಿಗೋಲಿನಲ್ಲಿ ಸಂತೆಗೆ ಹೊರಟಿದ್ದ ರತ್ನವ್ವ ಮತ್ತು ಅವಳ ಮಗಳು ಇದ್ದರು. ಆಕಾಶದಲ್ಲಿ ಒಂದು ತುಣುಕು ಮೋಡ ಇರಲಿಲ್ಲ. ಅವರು ನಡುಹೊಳೆ ಮುಟ್ಟುವಷ್ಟರಲ್ಲಿ ಮೇಲಿನಿಂದ ಕೆಂಪು ನೀರು ಮರದ ದಿಮ್ಮಿಗಳನ್ನು ಹೊತ್ತುಕೊಂಡು ನುಗ್ಗಿತು. ಹರಿಗೋಲು ಮಗುಚಿತು.

ಸೈರನ್ ಕೂಗಲಿಲ್ಲ. ಮೇಲೆ ಸುರಿದ ಮಳೆಯಿಂದ ಮೊದಲು ಸಿಗ್ನಲ್ ಹೋಗಿತ್ತು, ಆಮೇಲೆ ದೊಡ್ಡ ಹಳ್ಳದ ನೀರು ಪೆಟ್ಟಿಗೆಯನ್ನೇ ಕಿತ್ತುಕೊಂಡು ಹೋಗಿತ್ತು. ಪರದೆಯ ಮೇಲೆ ಮಾತ್ರ ಅದರ ಕೊನೆಯ ಅಳತೆ ಹಸಿರಾಗಿ ಕೂತಿತ್ತು.

ದ್ಯಾಮಣ್ಣ ತಾಯಿ ಮಗಳಿಬ್ಬರನ್ನೂ ದಂಡೆಗೆ ಎಳೆದು ತಂದ. ಹುಡುಗಿ ನೀರು ಕುಡಿದು ಜ್ಞಾನ ತಪ್ಪಿದ್ದಳು, ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಳು. ಹರಿಗೋಲು ಕೆಳಗೆಲ್ಲೋ ಜಾಲಿಗಿಡಕ್ಕೆ ಸಿಕ್ಕಿ ಹರಿದುಹೋಗಿತ್ತು.

ಊರಿಗೆ ಯಾರಾದರೂ ಒಬ್ಬ ತಪ್ಪಿತಸ್ಥ ಬೇಕಲ್ಲ. ದ್ಯಾಮಣ್ಣ ಕುಡಿದಿದ್ದನಂತೆ ಎಂದು ಒಬ್ಬ ಅಂದ. ಕುಡಿಯದಿದ್ದರೆ ಅಷ್ಟು ನೀರು ಬರುವುದು ಕಾಣಲಿಲ್ಲವೇ ಎಂದು ಇನ್ನೊಬ್ಬ ಅಂದ. ಜನ್ಮದಲ್ಲಿ ಸೆರೆ ಮುಟ್ಟದವನು ಸಂಜೆಯೊಳಗೆ ಕುಡುಕನಾದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ.

ಸೋಮವಾರ ಕಟ್ಟೆಗೆ ಕೂಡಿ, ಕಡವನ್ನು, ಅಂದರೆ ಹೊಳೆ ದಾಟಿಸುವ ಹಕ್ಕನ್ನು, ಅವನಿಂದ ಬಿಡಿಸಿ ಬೇರೆ ಮನೆತನಕ್ಕೆ ಕೊಡುವುದೆಂದು ಹಿರಿಯರು ಮಾತಾಡಿಕೊಂಡರು. ದ್ಯಾಮಣ್ಣನಿಗೆ ಆ ಹೊಳೆ ಬಿಟ್ಟರೆ ಬೇರೆ ಗತಿಯಿಲ್ಲ. ಅನ್ನಕ್ಕೂ ಅದೇ, ಮರ್ಯಾದೆಗೂ ಅದೇ.

ಫಕೀರೇಶನಿಗೆ ಎಲ್ಲ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಸೈರನ್ ಯಾಕೆ ಕೂಗಲಿಲ್ಲ ಎಂದು ಅಜ್ಜ ಕೇಳಿದಾಗ, ಪೆಟ್ಟಿಗೆ ನೀರಿಗೆ ಹೋಗಿದ್ದರಿಂದ ಸುದ್ದಿ ಬರಲಿಲ್ಲ ಎಂದು ಹೇಳಿದ. ಮಾತು ಖರೆಯೇ. ಆದರೆ ಸುದ್ದಿ ಬರದಿದ್ದರೂ ಸೈರನ್ ಕೂಗಬೇಕೆಂದು ಹೇಳಿಕೊಟ್ಟವರ ಮುಂದೆಯೇ ಆ ಮಾತು ಆಡಿದ್ದ. ತಾನು ಅಲ್ಲೇ ಸಿಕ್ಕಿಬಿದ್ದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಅಜ್ಜ ಹ್ಞೂಂ ಎಂದು ಎದ್ದು ಹೋದರು.

ಅಜ್ಜ ಅತ್ತ ಹೋದ ಕೂಡಲೇ ಫಕೀರೇಶ ಆ ಸಾಲನ್ನು ಮೊದಲಿನ ಹಾಗೆ ತಿದ್ದಿಟ್ಟ. ಹೊಸ ಪೆಟ್ಟಿಗೆ ಕಟ್ಟಿಸಿದ. ಆಮೇಲೆ ಕೈ ಸುಮ್ಮನಿರಲಿಲ್ಲ. ಸರ್ವರಿನ ಬಿಸಿ ಎಷ್ಟು, ಡಿಸ್ಕಿನಲ್ಲಿ ಜಾಗ ಎಷ್ಟು, ಮೆಮೊರಿ ಎಷ್ಟು ಎಂದು ಪರದೆಗೆ ಒಂದರ ಮೇಲೊಂದು ಪಟ್ಟಿ ಸೇರಿಸುತ್ತ ಕೂತ. ಕೆಲಸ ಮಾಡುವಷ್ಟು ಹೊತ್ತು ದ್ಯಾಮಣ್ಣನ ಮುಖ ಎದುರಿಗೆ ಬರುತ್ತಿರಲಿಲ್ಲ.

ಊಟಕ್ಕೆ ಕೂತರೆ ಬರುತ್ತಿತ್ತು. ಹೊಳೆಗೆ ಹೋಗುವ ದಾರಿಯಲ್ಲಿ ದ್ಯಾಮಣ್ಣ ಹರಿಗೋಲಿನ ಹರುಕಿಗೆ ತೇಪೆ ಹಾಕಿ ಡಾಂಬರು ಬಳಿಯುತ್ತ ಕೂತಿರುತ್ತಿದ್ದ. ಸೋಮವಾರದ ನಂತರ ಅದನ್ನು ನೀರಿಗೆ ಇಳಿಸಲು ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ, ಆದರೂ ಬಳಿಯುತ್ತಿದ್ದ. ಫಕೀರೇಶ ಹೊಲದ ಬದುವಿನ ಮೇಲೆ ಸುತ್ತು ಹಾಕಿ ಸ್ನಾನಕ್ಕೆ ಹೋಗತೊಡಗಿದ.

ಒಂದು ದಿನ ರತ್ನವ್ವ ಮಠಕ್ಕೆ ಕಾಯಿ ಒಡೆಸಲು ಬಂದಳು. ಮಗಳನ್ನೂ ಕರೆತಂದಿದ್ದಳು. ಕಾಯಿಯ ಹೋಳೊಂದನ್ನು ಫಕೀರೇಶನ ಕೈಗಿಟ್ಟು, ಆ ಕುಡುಕನ ಮೇಲೆ ಒಂದು ಕಣ್ಣಿಡಪ್ಪ, ನಮ್ಮಂಥವರಿಗೆ ನೀನೇ ದಿಕ್ಕು ಎಂದಳು. ಅವನು ಹೋಳು ಹಿಡಿದುಕೊಂಡು ನಿಂತ. ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಇಳಿದುಬಿಡುತ್ತಿದ್ದ. ಆದರೆ ನಿಜ ಹೇಳಲು ಮಾತ್ರ ಅವನು ಬಾಯಿ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜನ ಪಾದ ಮುಟ್ಟಿದಾಗ ಅಜ್ಜ ಏನೂ ಅನ್ನಲಿಲ್ಲ. ಪೂಜೆಯ ಹೊತ್ತಿಗೆ ಹೂವು ಕೊಟ್ಟಾಗಲೂ ಅನ್ನಲಿಲ್ಲ. ಮಧ್ಯಾಹ್ನ ಮಜ್ಜಿಗೆ ಬಡಿಸಿ ಸಾಕೇನ್ರಿ ಎಂದು ಕೇಳಿದರೆ ಉಂಡು ಎದ್ದು ಹೋದರು. ಬೈದಿದ್ದರೆ ಚೆನ್ನಾಗಿತ್ತು. ಮುಖದಲ್ಲಿ ಸಿಟ್ಟು ಕೂಡ ಇರಲಿಲ್ಲ.

ಸಂಜೆಯ ಹೊತ್ತಿಗೆ ಫಕೀರೇಶನಿಗೆ ತಡೆಯಲಾಗಲಿಲ್ಲ. ದಂಡೆಯ ಕಲ್ಲಿನ ಮೇಲೆ ಕೂತಿದ್ದ ಅಜ್ಜನ ಮುಂದೆ ಹೋಗಿ ನಿಂತ.

"ಅಜ್ಜಾರ, ನನ್ನಿಂದ ಏನರ ತಪ್ಪಾತೇನ್ರಿ?"

"ನಾ ಏನೂ ಅಂದಿಲ್ಲಲ್ಲ."

"ನೀವು ಏನೂ ಅನ್ನವಲ್ರಿ ಅಂತನ ಹೆದರಿಕಿ ಆಗಾಕತ್ತೈತ್ರಿ."

ಅಜ್ಜ ಹೊಳೆಯನ್ನೇ ನೋಡುತ್ತಿದ್ದರು.

"ಹೆದರಿಕಿ ಯಾಕ? ಸುಮ್ನಿದ್ದದ್ದು ಹಸರು ಅಂತ ನೀನ ಬರದಿದ್ದಿಯಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಫಕೀರೇಶ ಅಷ್ಟೂ ಮಾಡಲಿಲ್ಲ, ನಿಂತಲ್ಲೇ ಕುಸಿದು ಕೂತ. ಶಾಲಿನ ಆಸೆ, ತಿದ್ದಿದ ಸಾಲು, ಮುಂದೂಡಿದ ನಾಳೆಗಳು, ಕಿಟಕಿಯಲ್ಲಿ ಆಡಿದ ಮಾತು, ಎಲ್ಲವನ್ನೂ ಬಿಕ್ಕುತ್ತ ಹೇಳಿದ. ಅಜ್ಜ ನಡುವೆ ಬಾಯಿ ಹಾಕದೆ ಕೇಳಿದರು.

"ನಿಮಗ ಯಾವಾಗ ಗೊತ್ತಾತ್ರಿ?" ಎಂದು ಕೊನೆಗೆ ಕೇಳಿದ.

"ಸೈರನ್ ಕೂಗದ ದಿವಸ."

"ಮತ್ತ ಯಾಕ ಹೇಳ್ಲಿಲ್ರಿ?"

"ಸೋಮವಾರದ ತನಕ ಕಾಯೂಣು ಅಂದಿದ್ದೆ. ಈ ಸುದ್ದಿ ನಿನ್ನ ಕಡಿಂದ ಬರಬೇಕಿತ್ತು."

ಫಕೀರೇಶ ಅಜ್ಜನ ಪಾದ ಹಿಡಿದುಕೊಂಡ, ಕ್ಷಮಿಸಬೇಕು ಎಂದ. ಅಜ್ಜ ಪಾದ ಹಿಂದಕ್ಕೆ ಎಳೆದುಕೊಂಡರು.

"ನನಗ್ಯಾಕ ಕೇಳ್ತಿ? ಮುಳುಗಿದಾವ ನಾನಲ್ಲ."

ಸೋಮವಾರ ಕಟ್ಟೆಯ ಮೇಲೆ ಊರಿಗೆ ಊರೇ ಕೂಡಿತ್ತು. ದ್ಯಾಮಣ್ಣ ಒಂದು ಮೂಲೆಯಲ್ಲಿ ನಿಂತಿದ್ದ, ಕೈ ತುಂಬ ಡಾಂಬರಿನ ಕಲೆ. ಊರ ಹಿರಿಯ ಬಾಳನಗೌಡರು ಮಾತು ಶುರು ಮಾಡುವ ಮುಂಚೆಯೇ ಫಕೀರೇಶ ಎದ್ದು ನಿಂತ. ತಪ್ಪು ತನ್ನದು, ದ್ಯಾಮಣ್ಣ ಕುಡಿದಿರಲಿಲ್ಲ, ಹೋಗ್ರಿ ಎಂದು ಕಳಿಸಿದವನು ತಾನು ಎಂದು ಹೇಳಿದ. ಕಂಪ್ಯೂಟರಿನ ಮಾತು ಎಲ್ಲರಿಗೂ ತಿಳಿಯಲೆಂದು, ಕಾವಲಿಗಿಟ್ಟ ನಾಯಿ ಬೊಗಳುತ್ತದೆಂದು ಅದರ ಬಾಯಿ ಕಟ್ಟಿದೆ, ನೋಡಲು ಬಂದವರು ಮೆಚ್ಚಲಿ ಎಂದು ಕಟ್ಟಿದೆ ಎಂದ.

ಹಿಂದಿನಿಂದ ಯಾರೋ ಶಾಲು ಎಲ್ಲಿದೆಯೋ ಎಂದು ಕೇಳಿದರು, ಒಂದಿಬ್ಬರು ನಕ್ಕರು. ರತ್ನವ್ವ ನಗಲಿಲ್ಲ. ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು, ಫಕೀರೇಶನನ್ನು ಒಮ್ಮೆ ನೋಡಿ, ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆ ನೋಟ ಅವನಿಗೆ ಬಡಿದ ಹಾಗೆ ನಕ್ಕವರ ನಗೆ ಬಡಿಯಲಿಲ್ಲ.

ಬಾಳನಗೌಡರು ದ್ಯಾಮಣ್ಣನನ್ನು ಗದರಿಸಿದರು. ಮಠದವನು ಹೋಗು ಅಂದಿದ್ದ ಎಂದು ಮೊದಲೇ ಯಾಕೆ ಹೇಳಲಿಲ್ಲ, ಇಷ್ಟು ದಿನ ಎಲ್ಲರ ಬಾಯಲ್ಲಿ ಬೈಸಿಕೊಂಡು ಯಾಕೆ ಕೂತೆ ಎಂದು ಕೇಳಿದರು.

ದ್ಯಾಮಣ್ಣ ಕೈಯ ಡಾಂಬರು ಉಜ್ಜಿಕೊಳ್ಳುತ್ತ ಹೇಳಿದ.

"ಅವ ನೋಡೇ ಹೇಳಿರ್ತಾನ ಅಂದ್ಕೊಂಡಿದ್ದೆ ಗೌಡ್ರ. ಹೊಳಿನೇ ಮೋಸ ಮಾಡ್ತು ಅಂದ್ಕೊಂಡೆ. ಹುಡುಗನ ಹೆಸರು ಯಾಕ ಕೆಡಸೂದು ಅಂತ ಸುಮ್ನಾದೆ."

ಫಕೀರೇಶನಿಗೆ ತಲೆ ಎತ್ತಲಾಗಲಿಲ್ಲ. ಎರಡು ಏಟು ಬಿಗಿದಿದ್ದರೆ ಹಗುರಾಗುತ್ತಿದ್ದ. ಇಷ್ಟು ದಿನ ತಾನು ಯಾರ ಹೆಸರು ಕೆಡುವುದನ್ನು ನೋಡುತ್ತ ಕೂತಿದ್ದನೋ, ಆ ಮನುಷ್ಯ ತನ್ನ ಹೆಸರು ಕಾಯುತ್ತ ಕೂತಿದ್ದ.

ಕಡವು ದ್ಯಾಮಣ್ಣನದೇ ಎಂದು ಹಿರಿಯರು ತೀರ್ಮಾನ ಕೊಟ್ಟರು. ಜನ ಚದುರುವಾಗ ಫಕೀರೇಶ ಹೋಗಿ ಅವನ ಕಾಲಿಗೆ ಬಿದ್ದ. ದ್ಯಾಮಣ್ಣ ಹಿಡಿದೆತ್ತಲಿಲ್ಲ, ಒದೆಯಲೂ ಇಲ್ಲ. ಕ್ಷಮಿಸಿದೆ ಎಂದೂ ಅನ್ನಲಿಲ್ಲ.

"ಏಳಪಾ," ಎಂದ. "ನಾಳೆ ಮುಂಜಾನಿ ಮತ್ತ ನಿನ್ನ ಕಿಟಕಿಗೇ ಬಂದು ಕೇಳಬೇಕಲ್ಲ ನಾ."

ಫಕೀರೇಶ ಮಠಕ್ಕೆ ಬಂದವನು ಸರ್ವರ್ ಕೋಣೆಯ ಬೀಗದಕೈ ತೆಗೆದು ಅಜ್ಜನ ಮುಂದಿಟ್ಟ. ಈ ಕೈ ಇನ್ನು ಅದನ್ನು ಮುಟ್ಟಬಾರದು, ಬೇರೆ ಯಾರನ್ನಾದರೂ ನೋಡಿ ಎಂದ. ಅಜ್ಜ ಬೀಗದಕೈಯನ್ನು ಮುಟ್ಟಲಿಲ್ಲ.

"ದ್ಯಾಮಣ್ಣ ನಾಳೆ ಬಂದು ಹೊಳಿ ಹೆಂಗೈತಿ ಅಂತ ಕೇಳ್ತಾರ. ಯಾವ ಮುಖ ಇಟ್ಕೊಂಡು ಹೇಳ್ಲಿ? ಈ ನಾಚಿಕಿ ಯಾವಾಗ ಹೋಗ್ತೈತ್ರಿ ಅಜ್ಜಾರ?"

"ಹೋದ ದಿವಸ ಬಂದು ಹೇಳು," ಎಂದರು ಅಜ್ಜ. "ಅವತ್ತ ಈ ಕೆಲಸಕ್ಕ ಬ್ಯಾರೆಯವ್ರನ್ನ ನೋಡ್ತೀನಿ."