ಬೆನ್ನಿಗೆ ಪಂಜರ ಹೊತ್ತ ಗಿಣಿ

ನಮ್ಮ ಮುತ್ತಜ್ಜಿಗೆ ಇನ್ನೂ ಹಾಲುಹಲ್ಲು ಮೂಡದಿದ್ದ ಕಾಲದಲ್ಲಿ ಒಬ್ಬ ದೊರೆ ಇದ್ನಂತೆ, ಅವನಿಗೆ ಗಂಜೀಫ ಅನ್ನೋ ದುಂಡನೆ ಇಸ್ಪೀಟೆಲೆ ಆಟದ ಹುಚ್ಚು. ಆ ಎಲೆಗಳಿಗೆ ಚಿತ್ರ ಬರೆಯೋಳು ತುಳಜಮ್ಮ. ಮುಂದುಗಡೆ ಗಿಣಿ, ಪಂಜರ, ಆನೆ ಏನು ಬೇಕಾದ್ರೂ ಬರೀಬಹುದು, ಬೆನ್ನಿಗೆ ಮಾತ್ರ ಬರೀ ಕೆಂಪು. ಒಂದು ಚುಕ್ಕೆ ಬಿದ್ರೂ ಅದು ಮೋಸದೆಲೆ, ಬರೆದೋರ ಕುಂಚ ಮುರಿದು ಹಾಕೋದು ಅಲ್ಲಿನ ಕಟ್ಟಳೆ. ತುಳಜಮ್ಮಂದು ಅವರಪ್ಪ ಕೊಟ್ಟುಹೋದ ಅಳಿಲುಬಾಲದ ಕುಂಚ, ಅವಳ ಅನ್ನವೂ ಅದೇ.

ಒಂದಿನ ಮುದ್ದೆ ಉಂಡು ತೂಕಡಿಸ್ತಾ ಕೂತಿದ್ಲಂತೆ, ಗಿಣಿ ಬರೆದು ಕೆಂಪು ಬಳಿಯೋಕೆ ಮಗುಚಿಟ್ಟಿದ್ದ ಎಲೆನ ಹೊಸದು ಅಂದ್ಕೊಂಡು ಅದರ ಬೆನ್ನಿಗೇ ಪಂಜರ ಬರೆದುಬಿಟ್ಲಂತೆ. ಆಮೇಲೆ ನೋಡ್ಕೊಂಡು, ನನ್ನ ಕುಂಚ ಹೋಯ್ತಲ್ಲಪ್ಪ ಅಂತ ಹೆದರಿದ್ಲಂತೆ. ಆಟದೆಲೆ ಅಂತ ಗೊತ್ತಾಗದಿರ್ಲಿ ಅಂತ ತೂತು ಕೊರೆದು, ದಾರ ಪೋಣಿಸಿ, ತೊಲೆಗೆ ನೇತುಹಾಕಿದ್ಲಂತೆ. ಆಮೇಲೆ ಗಾಳಿ ಬಂತು, ಎಲೆ ಗಿರ್ರಂತ ತಿರುಗ್ತು, ನೋಡ್ತಾಳೆ, ಗಿಣಿ ಪಂಜರದೊಳಗೇ ಕೂತಿದೆ. ಹಿಡಿದು ನಿಲ್ಲಿಸಿದ್ರೆ ಹೊರಗೆ, ಬಿಟ್ರೆ ಒಳಗೆ. ಹೆದರಿಕೆ ಮರೆತು ಅದನ್ನೇ ತಿರುಗಿಸ್ತಾ ಕೂತ್ಲಂತೆ, ಒಲೆ ಮೇಲಿನ ಸಾರು ಸೀದು, ಆ ವಾಸನೆ ಮೂರು ಊರು ದಾಟಿ ದೊರೆ ಮೂಗಿಗೆ ಬಡಿದು, ಅವನೇ ಎದ್ದು ಬಂದ್ನಂತೆ. ಸುಳ್ಳಾದ್ರೆ ನನ್ನ ಹಲ್ಲುದುರ್ಲಿ, ಉಳಿದಿರೋದು ಹೇಗೂ ಒಂದೇ.

ದೊರೆ ಮೋಸದೆಲೆ ಅಂದ. ತುಳಜಮ್ಮ ಇಲ್ಲ ಬುದ್ಧಿ, ಇದು ಆಟಿಕೆ ಅಂದ್ಲು. ಆಟಿಕೆ ಆದ್ರೆ ಹೆಸರಿರಬೇಕಲ್ಲವ್ವ, ಬುಗುರಿಗಿಲ್ವಾ, ಗಿಲಕಿಗಿಲ್ವಾ ಅಂದ್ನಂತೆ. ಮೂರು ದಿನದೊಳಗೆ ಯಾರ ಬಾಯಿಗಾದ್ರೂ ತಾನಾಗಿ ಒಂದು ಹೆಸರು ಬಂದ್ರೆ ಸರಿ, ಇಲ್ದಿದ್ರೆ ಕುಂಚ ಎರಡು ತುಂಡು. ಪರೀಕ್ಷೆ ಮಾಡ್ಬೇಕು ಅಂತ ಎಲೆನೂ ಕುಂಚನೂ ಅರಮನೆಗೆ ಒಯ್ದ್ನಂತೆ.

ಮೊದಲ ದಿನ ಶಾಸ್ತ್ರಿಗಳು ಪಕ್ಷಿಪಂಜರಭ್ರಮಣಚಕ್ರಿಕೆ ಅಂದ್ರು. ಹೇಳಿ ಮುಗಿಸೋದ್ರೊಳಗೆ ಎಲೆ ತಿರುಗೋದೇ ನಿಂತುಹೋಯ್ತು, ಇನ್ನೊಬ್ರ ನಾಲಿಗೆ ಅದನ್ನ ಮುಟ್ಟಲಿಲ್ಲ. ಎರಡನೇ ದಿನ ಮಂತ್ರಿ ಕಣ್ಕಟ್ಟು ಅಂದ. ಅದು ಮೋಸದ ಅಣ್ಣನೇ ಆಯ್ತಲ್ಲಪ್ಪ ಅಂತ ತುಳಜಮ್ಮ ಹಣೆ ಚಚ್ಚಿಕೊಂಡ್ಲಂತೆ. ಮೂರನೇ ದಿನ ಸಂಜೆವರೆಗೂ ಯಾರ ಬಾಯಿಗೂ ಹೆಸರು ಬರಲಿಲ್ಲ. ದೊರೆ ಮುಖ ಊದಿಸ್ಕೊಂಡು ಕುಂಚ ಕೈಗೆತ್ತಿಕೊಂಡ. ಮುರಿಯೋ ಮೊದಲು ಇನ್ನೊಂದ್ಸಲ ಆ ಎಲೆ ತಿರುಗಿಸೋಣ ಅನ್ನಿಸ್ತೋ ಏನೋ, ಮಡಿಲು ತಡಕಿದ, ದಿಂಬು ಎತ್ತಿದ, ಆಮೇಲೆ ರಾಣಿ ಕಡೆ ತಿರುಗಿದ.

“ಲೇ, ನನ್ನ ಗಿರ್‌ಗಿಣಿ ಎಲ್ಲಿಟ್ಟೆ?”

ಸಭೆಗೆಲ್ಲ ಕೇಳಿಸ್ತು, ಹೆಸರು ದೊರೆ ಬಾಯಿಗೇ ತಾನಾಗಿ ಬಂದಿತ್ತು. ತುಳಜಮ್ಮ ಮೆಲ್ಲಗೆ ಅಂಗೈ ಚಾಚಿದ್ಲಂತೆ.

“ನನ್ನ ಕುಂಚ ಕೊಡಿ ಬುದ್ಧಿ.”

ದೊರೆ ಕೊಟ್ಟ. ರಾಣಿನೂ ಸೆರಗಿನಡಿಯಿಂದ ಎಲೆ ತೆಗೆದ್ಲಂತೆ, ಅವಳಿಗೂ ಅದನ್ನ ತಿರುಗಿಸೋದೇ ಕೆಲಸ. ಆಮೇಲೆ ತುಳಜಮ್ಮ ಊರ ಮಕ್ಕಳಿಗೆಲ್ಲ ಗಿರ್‌ಗಿಣಿ ಮಾಡಿಕೊಟ್ಟು ಸುಖವಾಗಿದ್ಲಂತೆ, ಮುದ್ದೆ ಉಂಡ್ಮೇಲೆ ಮಾತ್ರ ಕುಂಚ ಮುಟ್ತಿರ್ಲಿಲ್ವಂತೆ. ತಿರುಗೋದು ನಿಂತ್ಮೇಲೆ ಗಿಣಿ ಹೊರಗೆ ಹೇಗೆ ಬರುತ್ತೆ ಅಂತ ನನ್ನ ಕೇಳ್ಬೇಡ. ದಾರ ನಿಂತಿತು, ಕತೆನೂ ನಿಂತಿತು, ಕಣ್ಮುಚ್ಚು ಮಗ.