ಎರಡು ಸಾಲಿನ ಮೆಟ್ಟಿಲು

ಶ್ರಾವಣ ಕಳೆದ ಮೊದಲ ಸೋಮವಾರ ಗುರುಗಳು ಶಿಷ್ಯರೊಡನೆ ಹಳೆಯ ಅರಮನೆಯೊಂದನ್ನು ನೋಡಲು ಹೋದರು. ಅಲ್ಲಿ ಒಂದೇ ಕಲ್ಲುಗೋಪುರದೊಳಗೆ ಎರಡು ಸಾಲು ಮೆಟ್ಟಿಲು ಸುತ್ತಿಕೊಂಡು ಮೇಲೇರಿದ್ದವು. ಒಂದರಲ್ಲಿ ಹತ್ತುವವನಿಗೆ ಇನ್ನೊಂದರಲ್ಲಿ ಹತ್ತುವವನು ಕಾಣುವುದಿಲ್ಲ.

ಶಿಷ್ಯರಲ್ಲೊಬ್ಬನಾದ ನಿರ್ವಾಣಯ್ಯ ಅದನ್ನು ಬಹಳ ಹೊತ್ತು ನೋಡಿದ. ಮಠದಲ್ಲಿ ಹಿರಿಯ ಸ್ವಾಮಿಗಳು ಹಾಸಿಗೆ ಹಿಡಿದಿದ್ದರು. ಅವರ ಆರೈಕೆ ಅವನದೂ ಇನ್ನೊಬ್ಬ ಶಿಷ್ಯ ರಾಚಯ್ಯನದೂ. ಇಬ್ಬರ ನಡುವೆ ಮಾತು ನಿಂತುಹೋಗಿತ್ತು.

“ಬುದ್ಧೀ, ನಮಗೂ ಇಂಥದೊಂದು ಏರ್ಪಾಡು ಮಾಡಿಕೊಡಿ. ಸೇವೆಯೂ ನಡೆಯುತ್ತದೆ, ಆ ರಾಚಯ್ಯನ ಗಂಟುಮುಖ ನೋಡುವುದೂ ತಪ್ಪುತ್ತದೆ. ಇದರಲ್ಲಿ ತಪ್ಪೇನು?”

ಗುರುಗಳು ಕೆಳಗಿನ ಮೆಟ್ಟಿಲ ಮೇಲೆ ಕುಳಿತು ಹೇಳಿದರು:

“ಒಬ್ಬ ಮುದಿ ರಾಣಿ ಇದ್ದಳು. ನಡೆಯಲಾರಳು. ಗಂಡ ಸತ್ತ ಮೇಲೆ ಮಕ್ಕಳ ಕೈತುತ್ತಲ್ಲದೆ ಬೇರೆಯವರ ಕೈಯಿಂದ ಉಣ್ಣುವುದಿಲ್ಲವೆಂದು ವ್ರತ ಹಿಡಿದಿದ್ದಳು. ಮಕ್ಕಳು ಇಬ್ಬರು. ಅವರಿಗೆ ಜಗಳವಾಯಿತು. ಆದರೂ ತಾಯಿಯನ್ನು ಬಿಡಲಾಗದು. ಶಿಲ್ಪಿಯನ್ನು ಕರೆಸಿ ಇಂಥದೇ ಮೆಟ್ಟಿಲು ಕಟ್ಟಿಸಿದರು. ಎರಡು ಸಾಲೂ ಕೂಡುವುದು ತಾಯಿಯ ಬಾಗಿಲಲ್ಲಿ ಮಾತ್ರ.

“ಊಟದ ಹೊತ್ತಿಗೆ ಅಣ್ಣ ಹತ್ತಿದ. ಗೋಡೆಯ ಆಚೆ ಹೆಜ್ಜೆ ಸಪ್ಪಳ ಕೇಳಿಸಿತು. ‘ತಮ್ಮ ಬರುತ್ತಿದ್ದಾನೆ. ಅವನೇ ಉಣಿಸಲಿ’ ಎಂದುಕೊಂಡು ಇಳಿದ. ತಮ್ಮನಿಗೂ ಅಣ್ಣನ ಹೆಜ್ಜೆ ಕೇಳಿಸಿತ್ತು. ಅವನೂ ಹಾಗೆಯೇ ಅಂದುಕೊಂಡು ಇಳಿದ. ರಾತ್ರಿಯೂ ಹಾಗೇ. ಮರುದಿನವೂ ಹಾಗೇ. ದಾಸಿಯರು ಅಳುತ್ತ, ‘ಅಮ್ಮಾ, ಅರಸುಮಕ್ಕಳಿಗೆ ಹೇಳಿಕಳಿಸುತ್ತೇವೆ’ ಎಂದರು. ಮುದುಕಿ ಬಿಡಲಿಲ್ಲ. ‘ಹೇಳಿಕಳಿಸಿದರೆ ನನ್ನ ಮಕ್ಕಳಿಗೆ ಅವಮಾನ. ಸಪ್ಪಳ ಕೇಳುತ್ತಿಲ್ಲವೇನ್ರೇ? ಬರುತ್ತಿದ್ದಾರೆ, ಬಂದರು’ ಎಂದಳು.

“ಕೊನೆಗೆ ದಾಸಿಯರು ಕೂಗಿಕೊಂಡಾಗ ಇಬ್ಬರೂ ಓಡಿ ಹತ್ತಿದರು. ಬಾಗಿಲಲ್ಲಿ ಎದುರಾದರು. ‘ನೀನು ಉಣಿಸಲಿಲ್ಲವೇನೋ?’ ಎಂದ ಅಣ್ಣ. ‘ನೀನು ಉಣಿಸುತ್ತೀಯೆಂದೇ ಇಳಿದೆನಲ್ಲ’ ಎಂದ ತಮ್ಮ. ಎಷ್ಟೋ ಕಾಲದ ಮೇಲೆ ಅವರು ಆಡಿದ ಮಾತು ಅದು. ಅದನ್ನು ಕೇಳಲು ಒಳಗೆ ತಾಯಿ ಉಳಿದಿರಲಿಲ್ಲ.”

ನಿರ್ವಾಣಯ್ಯ ಕೇಳಿದ:

“ಆಮೇಲೆ ಅವರು ಯಾವ ಸಾಲಿನಲ್ಲಿ ಇಳಿದರು, ಬುದ್ಧೀ?”

ಗುರುಗಳು ಎದ್ದು ನಿಂತರು.

“ಚಟ್ಟಕ್ಕೆ ಇಬ್ಬರ ಹೆಗಲೂ ಬೇಕಿತ್ತು, ಅಂದು ಬಳಸಿದ ಸಾಲು ಒಂದೇ.”